ದೇವರ ಉದ್ದೇಶ ಗೊತ್ತಾಗುವವರೆಗೆ ಸುಮ್ನೆ ಕಾಯಬೇಕಾ?

ಪ್ರಶ್ನೆ: ನನಗೆ 34 ವರ್ಷ. ದಿನಾ ಪ್ರಾರ್ಥನೆ ಮಾಡುತ್ತೇನೆ, ಸತ್ಯವೇದ (ಬೈಬಲ್) ಓದುತ್ತೇನೆ. ಆದರೂ ದೇವರು ನನ್ನನ್ನು ಯಾವ ಕೆಲಸಕ್ಕೆ ಕರೆದಿದ್ದಾರೆ ಅನ್ನೋದು ಗೊತ್ತಾಗಿಲ್ಲ. ಜೊತೆಯವರೆಲ್ಲ ಸೇವೆಯಲ್ಲಿ ಮುಂದೆ ಹೋಗಿದ್ದಾರೆ. ನಾನು ಹಿಂದೆ ಬಿದ್ದೆನಾ?

ಉತ್ತರ: ಹಿಂದೆ ಬಿದ್ದಿದ್ದೀರಿ ಅಂತ ಯಾರು ಹೇಳಿದರು? ಇಸ್ರಾಯೇಲ್ಯರನ್ನು ಬಿಡಿಸಲು ಫರೋಹನ (ಈಜಿಪ್ಟಿನ ರಾಜನ) ಮುಂದೆ ನಿಂತಾಗ ಬೈಬಲಿನ ಮೋಶೆಗೆ 80 ವರ್ಷ. ಅದಕ್ಕೂ ಮೊದಲು ಮಿದ್ಯಾನ್ ದೇಶದಲ್ಲಿ ಮಾವನ ಕುರಿ ಮೇಯಿಸಿಕೊಂಡಿದ್ದ. ಯೋಸೇಫನನ್ನೇ ನೋಡಿ: 17ರ ವಯಸ್ಸಿನಲ್ಲಿ ದೊಡ್ಡ ಕನಸು ಕಂಡ ಹುಡುಗ, ಅಣ್ಣಂದಿರ ಹೊಟ್ಟೆಕಿಚ್ಚಿಗೆ ಗುಲಾಮನಾಗಿ ಮಾರಾಟವಾಗಿ, ಮಾಡದ ತಪ್ಪಿಗೆ ಸೆರೆಮನೆ ಸೇರಿ, ಕೊನೆಗೆ ತನ್ನ ಕಾಲದ ಫರೋಹನ ಎದುರು ನಿಲ್ಲುವಷ್ಟರಲ್ಲಿ 30 ವರ್ಷ ಆಗಿತ್ತು. ನಡುವೆ ದೇವರು ಅವನಿಗೆ ಪ್ಲಾನ್ ಬರೆದು ಕೊಟ್ಟರು ಅಂತ ಎಲ್ಲೂ ಇಲ್ಲ. ಯಜಮಾನನ ಮನೆಯಲ್ಲೂ ಸೆರೆಮನೆಯಲ್ಲೂ ಕೈಗೆ ಸಿಕ್ಕ ಕೆಲಸವನ್ನು ಅವನು ನೆಟ್ಟಗೆ ಮಾಡಿದ, ಅಷ್ಟೇ.

ಉದ್ದೇಶ ಅಂದರೆ ಹುದ್ದೆ ಅಂದುಕೊಳ್ಳುತ್ತೇವೆ, ತೊಂದರೆ ಅಲ್ಲೇ ಅಲ್ವಾ? ದೇವರು ಕೇಳುವುದೇನು ಅನ್ನೋದು ಬೈಬಲಿನ ಮೀಕ ಪುಸ್ತಕದ 6:8ರಲ್ಲಿ ನೇರವಾಗಿಯೇ ಇದೆ: ನ್ಯಾಯವಾಗಿ ನಡೆಯುವುದು, ಕರುಣೆಯನ್ನು ಪ್ರೀತಿಸುವುದು, ದೇವರ ಜೊತೆ ತಗ್ಗಿ ನಡೆಯುವುದು. ಇದಕ್ಕೆ ವೇದಿಕೆಯೂ ಬೇಡ, ಮೈಕೂ ಬೇಡ. (ನನಗೂ ಇದು ತಲೆಗೆ ಹೋಗಲು ಬಹಳ ವರ್ಷ ಬೇಕಾಯಿತು, ಬಿಡಿ.)

ಒಂದು ಕೆಲಸ ಮಾಡಿ. ನಿಮ್ಮನ್ನು ಚೆನ್ನಾಗಿ ಬಲ್ಲ ಇಬ್ಬರು ವಿಶ್ವಾಸಿಗಳನ್ನು 'ನನ್ನಿಂದ ನಿಮಗೆ ಯಾವಾಗ ಸಹಾಯ ಆಯಿತು?' ಅಂತ ಕೇಳಿ. ನಮ್ಮ ವರ (ದೇವರು ಕೊಟ್ಟ ಸಾಮರ್ಥ್ಯ) ಯಾವುದು ಅಂತ ನಮಗಿಂತ ಜಾಸ್ತಿ ಅದರ ಉಪಯೋಗ ಪಡೆದವರಿಗೇ ಗೊತ್ತಿರುತ್ತದೆ. ಅವರು ಹೇಳಿದ್ದನ್ನು ಬರೆದಿಟ್ಟುಕೊಂಡು, ಅದರಲ್ಲಿ ಒಂದನ್ನು ಈ ವಾರವೇ ಮತ್ತೆ ಮಾಡಿ.