ಓದುಗರ ಪ್ರಶ್ನೆ: ಮೂಲೆಕೋಣೆಯ ಕುಲೆ

ಪ್ರಶ್ನೆ: ಬೇಕಲದ ಹತ್ತಿರ ಕಡಲ ಬದಿಯಲ್ಲಿ ನಮ್ಮ ಸಂಬಂಧಿಕರ ಹೋಟೆಲಿದೆ. ಕೆಳಗಿನ ಮೂಲೆಕೋಣೆಯ ಬಚ್ಚಲಲ್ಲಿ ರಾತ್ರಿ ಗುಳುಗುಳು ಸದ್ದು, ಕೆಟ್ಟ ವಾಸನೆ. ಆರಿಸಿದ ದೀಪವೂ ಮಿನುಗುತ್ತದೆ. ಕುಲೆ (ಪ್ರೇತ) ಇದೆಯೆಂದು ಕೆಲಸದವರು ಒಳಗೆ ಹೋಗುವುದಿಲ್ಲ. ಗೆಳೆಯರು ಸೇರಿ ಪರೀಕ್ಷಿಸಬೇಕೆಂದಿದ್ದೇವೆ. ಯಾವ ಉಪಕರಣ ಬೇಕು? (ಓದುಗರು, ಉಪ್ಪಳ)

ಉತ್ತರ: ಮೊದಲಿಗೆ ಒಂದು ನೋಟ್‌ಬುಕ್ಕು, ಒಂದು ಗಡಿಯಾರ ಸಾಕು. ಎರಡು ವಾರ ಸದ್ದು ಶುರುವಾದ ಹೊತ್ತು, ನಿಂತ ಹೊತ್ತು ಬರೆಯಿರಿ. ಪಕ್ಕದಲ್ಲೇ ಉಬ್ಬರವಿಳಿತದ ಹೊತ್ತು, ಪಂಪು ಓಡಿದ ಹೊತ್ತೂ ಇರಲಿ. ದಿನವೂ ಒಂದೇ ಗಂಟೆಗೆ ಸದ್ದಾದರೆ ಪಂಪನ್ನೋ ಟೈಮರನ್ನೋ ಸಂಶಯಿಸಿ. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋದರೆ ಅದು ಕಡಲಿನ ಲೆಕ್ಕ. ಉಬ್ಬರಕ್ಕೆ ದಡದ ಮರಳಿನೊಳಗಿನ ನೀರೂ ಏರುತ್ತದೆ, ಬಚ್ಚಲ ನೀರು ಹೋಗಿ ಇಂಗುವ ಇಂಗುಗುಂಡಿ ತುಂಬುತ್ತದೆ, ಅಲ್ಲಿನ ಗಾಳಿ ಪೈಪಿನಲ್ಲಿ ಹಿಂದಕ್ಕೆ ನುಗ್ಗುತ್ತದೆ.

ಆ ಗಾಳಿಯನ್ನು ತಡೆಯುವುದು ಬಚ್ಚಲಿನ ನಹನಿ ಟ್ರ್ಯಾಪಿನಲ್ಲಿ, ಅಂದರೆ ನೀರು ಹೋಗುವ ಜಾಲರಿಯ ಕೆಳಗಿನ ಬಟ್ಟಲಿನಲ್ಲಿ, ನಿಲ್ಲುವ ಸುಮಾರು 50 ಮಿಲಿಮೀಟರ್ ನೀರು. ಹೆದರಿ ಮುಚ್ಚಿಟ್ಟ ಕೋಣೆಯಲ್ಲಿ ಅದು ಆರಿಹೋಗುತ್ತದೆ. ಹೀಗೆ ಹೆದರಿಕೆಯೇ ವಾಸನೆಯನ್ನು ಸಾಕುತ್ತದೆ. ಒಂದು ಬಕೆಟ್ ನೀರು ಸುರಿದು ಆ ರಾತ್ರಿ ನೋಡಿ. ವಾಸನೆ ನಿಂತರೂ ನೀರು ಗುಳುಗುಟ್ಟುತ್ತಿದ್ದರೆ ಮಾಡಿನ ಮೇಲಿನ ವೆಂಟ್ ಪೈಪಿನ (ಒಳಗಿನ ಗಾಳಿ ಹೊರಹೋಗುವ ಕೊಳವೆ) ಬಾಯಿ ಕಟ್ಟಿದೆಯೇ ಎಂದು ಹತ್ತಿ ನೋಡಿಸಿ.

ದೀಪದ ಕೆಲಸ ಎಲೆಕ್ಟ್ರಿಷಿಯನ್ನಿಗೆ ಬಿಡಿ. ಸ್ವಿಚ್ಚನ್ನು ಕರೆಂಟು ಬರುವ ಫೇಸ್ ವೈರಿನ ಬದಲು ಅದು ಮರಳುವ ನ್ಯೂಟ್ರಲ್ ವೈರಿಗೆ ಜೋಡಿಸಿದ್ದರೆ ಆರಿಸಿದ ಎಲ್‌ಇಡಿ ಬಲ್ಬು ಮಂದವಾಗಿ ಮಿಣುಕುತ್ತದೆ. ಸ್ವಿಚ್ ಆಫ್ ಇದ್ದಾಗಲೂ ಹೋಲ್ಡರಿನಲ್ಲಿ ಟೆಸ್ಟರ್ ಜೋರಾಗಿ ಹೊತ್ತಿದರೆ ತಪ್ಪು ಅಲ್ಲೇ. ಉಪ್ಪುಗಾಳಿಗೆ ಬೋರ್ಡಿನೊಳಗೆ ತೇವ ಕೂತರೂ ವಿದ್ಯುತ್ ಸೋರಬಹುದು, ಮಳೆಗಾಲದಲ್ಲಂತೂ ಕೇಳಬೇಡಿ.

ಆ ಕೋಣೆಯಲ್ಲಿ ಮಲಗಿದವರಿಗೆ ತಲೆನೋವು, ತಲೆಸುತ್ತು, ವಾಕರಿಕೆಯೂ ಇದೆಯಾದರೆ ಉಳಿದದ್ದೆಲ್ಲ ಬಿಟ್ಟು ಕೋಣೆ ಖಾಲಿ ಮಾಡಿಸಿ. ಬಚ್ಚಲೊಳಗಿನ ಗ್ಯಾಸ್ ಗೀಸರ್, ಕಿಟಕಿಯ ಕೆಳಗಿನ ಜನರೇಟರ್ ಕಾರ್ಬನ್ ಮಾನಾಕ್ಸೈಡ್ ಉಗುಳುತ್ತಿರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. 1921ರಲ್ಲಿ ಅಮೆರಿಕದ ಕಣ್ಣಿನ ವೈದ್ಯ ವಿಲ್ಮರ್ ವರದಿ ಮಾಡಿದ ದೆವ್ವದ ಮನೆಯಲ್ಲೂ ಮನೆ ಬೆಚ್ಚಗಿಡುವ ಕೆಟ್ಟ ಫರ್ನೇಸು (ಕುಲುಮೆ) ಉಗುಳಿದ ಇದೇ ಅನಿಲ ಕಾರಣವಾಗಿತ್ತು. ದುಡ್ಡು ಖರ್ಚು ಮಾಡಲೇಬೇಕೆಂದಿದ್ದರೆ ಈ ಅನಿಲದ ಅಲಾರಂ ಕೊಳ್ಳಿ.

ಪ್ರಶ್ನೆ: ಪ್ರೇತ ಹುಡುಕಲು ಇಎಂಎಫ್ ಮೀಟರ್ (ವಿದ್ಯುತ್ಕಾಂತ ಕ್ಷೇತ್ರ ಅಳೆಯುವ ಉಪಕರಣ), ರಾತ್ರಿ ಕ್ಯಾಮೆರಾ ಉಪಯೋಗಕ್ಕೆ ಬರುತ್ತವೆಯೇ? (ಓದುಗರು, ಕುಂಬಳೆ)

ಉತ್ತರ: ಮೀಟರ್ ಗೋಡೆಯೊಳಗಿನ ವೈರಿಗೂ ನಿಮ್ಮ ಜೇಬಿನ ಮೊಬೈಲಿಗೂ ಕುಣಿಯುತ್ತದೆ, ಪ್ರೇತಕ್ಕೆ ಕುಣಿಯುತ್ತದೆ ಎನ್ನುವುದು ಮಾರುವವರ ಮಾತು. ಕ್ಯಾಮೆರಾ ಪರವಾಗಿಲ್ಲ, ಆದರೆ ಎರಡು ಬೇಕು. ಲೆನ್ಸಿನ ಹತ್ತಿರ ಹಾರುವ ಧೂಳು, ಸೊಳ್ಳೆ, ಕಡಲ ತುಂತುರು ಇನ್‌ಫ್ರಾರೆಡ್ ಬೆಳಕಿಗೆ ತೇಲುವ ಗೋಳಗಳಾಗಿ ಕಾಣುತ್ತವೆ. ಅಡ್ಡಡ್ಡವಾಗಿಟ್ಟ ಎರಡೂ ಕ್ಯಾಮೆರಾಗಳಲ್ಲಿ ಒಂದೇ ಕ್ಷಣಕ್ಕೆ, ಒಂದೇ ಜಾಗದಲ್ಲಿ ಕಂಡರೆ ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಲೆನ್ಸಿಗೆ ಉಪ್ಪು ಕಟ್ಟುತ್ತದೆ, ಸಂಜೆ ಒರೆಸಿ.

ಕಂಡೆವೆಂದವರನ್ನು ಒಬ್ಬೊಬ್ಬರಾಗಿ ಕೂರಿಸಿ ಕೇಳಿ. ‘ಬಿಳಿ ಸೀರೆಯ ಹೆಂಗಸೇ?’ ಎಂದು ಕೇಳಿದರೆ ಬಿಳಿ ಸೀರೆಯೇ ಬರುತ್ತದೆ, ‘ಏನು ಕಂಡಿರಿ?’ ಎಂದಷ್ಟೇ ಕೇಳಿ ಸುಮ್ಮನಿರಿ. ಕ್ಯಾಮೆರಾ ಇಡುವ ಮೊದಲು ಮಾಲಿಕರಿಂದ ಬರೆದ ಒಪ್ಪಿಗೆ ಪಡೆಯಿರಿ. ಬಚ್ಚಲಿನಲ್ಲಿ, ಅತಿಥಿಗಳಿರುವ ಕೋಣೆಯಲ್ಲಿ ಇಡುವಂತೆಯೇ ಇಲ್ಲ.