ಹಳತಾದದ್ದು ಕಿಟಕಿಯೋ, ಬಟ್ಟೆಯೋ?

ಬಟ್ಟೆಯ ಟಾಪ್, ಅಂದರೆ ಮಡಚಿ ಇಳಿಸಬಹುದಾದ ಛಾವಣಿ, ಇರುವ ಕನ್ವರ್ಟಿಬಲ್ ಕಾರುಗಳ ಹಿಂಬದಿಯ ಕಿಟಕಿಯನ್ನು ಕುರಿತು ಐದು ಪತ್ರಗಳು ಕೈಸೇರಿವೆ. ಐದರಲ್ಲೂ ದೂರು ಇರುವುದು ಕಿಟಕಿಯ ಮೇಲೆ. ಓದಿ ನೋಡಿದರೆ ಕೆಲವು ಕಡೆ ತಪ್ಪು ಕಿಟಕಿಯದಲ್ಲ, ಅದನ್ನು ಹಿಡಿದುಕೊಂಡಿರುವ ಬಟ್ಟೆಯದು ಎನ್ನಿಸುತ್ತದೆ. ಒಂದರ ಉತ್ತರ ಇನ್ನೊಂದಕ್ಕೂ ಬೇಕಾಗುವುದರಿಂದ ಎಲ್ಲವನ್ನೂ ಒಟ್ಟಿಗೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನನ್ನದು ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5. ಹಿಂಬದಿಯ ಪ್ಲಾಸ್ಟಿಕ್ ಕಿಟಕಿ ಹಳದಿಗಟ್ಟಿದೆ, ನಡುಮಧ್ಯೆ ಅಡ್ಡಲಾಗಿ ಒಂದು ಬಿರುಕೂ ಬಿಟ್ಟಿದೆ. ಇಡೀ ಟಾಪನ್ನೇ ಬದಲಿಸಬೇಕೆಂದು ಒಬ್ಬ ಮೆಕ್ಯಾನಿಕ್ ಹೇಳಿದರು, ಕಿಟಕಿಯೊಂದೇ ಸಾಕೆಂದು ಇನ್ನೊಬ್ಬರು ಹೇಳುತ್ತಿದ್ದಾರೆ. ಯಾರ ಮಾತು ನಂಬಲಿ?

ಉತ್ತರ: ಇಬ್ಬರ ಮಾತೂ ಸರಿಯಿರಬಹುದು, ಅದನ್ನು ತೀರ್ಮಾನಿಸಬೇಕಾದದ್ದು ನಿಮ್ಮ ಟಾಪಿನ ಬಟ್ಟೆ. ಮೊದಲು ಕಿಟಕಿಗೆ ಏನಾಗಿದೆ ಎಂಬುದನ್ನು ನೋಡೋಣ. ಈ ಪಾರದರ್ಶಕ ಹಾಳೆ ಪಿವಿಸಿಯದು. ಪಿವಿಸಿ ಸ್ವಭಾವತಃ ಗಡುಸಾದ ವಸ್ತು. ಅದನ್ನು ಮಡಚಲು ಬರುವಷ್ಟು ಮೆತ್ತಗೆ ಮಾಡಲು ಪ್ಲಾಸ್ಟಿಸೈಸರ್ ಎಂಬ ಎಣ್ಣೆಯಂಥ ದ್ರವವನ್ನು ಬೆರೆಸಿರುತ್ತಾರೆ. ವರ್ಷಗಳು ಕಳೆದಂತೆ ಬಿಸಿಲಿನ ಶಾಖಕ್ಕೆ ಆ ದ್ರವ ಸ್ವಲ್ಪ ಸ್ವಲ್ಪವಾಗಿ ಹೊರಬಿದ್ದು ಹಾಳೆ ಮತ್ತೆ ಗಡುಸಾಗುತ್ತದೆ, ಅದರ ಜೊತೆಗೆ ನೇರಳಾತೀತ ಕಿರಣಗಳು ಅದನ್ನು ಹಳದಿಗೆ ತಿರುಗಿಸುತ್ತವೆ. ಮೇಲ್ಮೈಯಲ್ಲಿ ಕಟ್ಟಿದ ಮಬ್ಬನ್ನು ಪಾಲಿಶ್ ಹಚ್ಚಿ ಉಜ್ಜಿ ತೆಗೆಯಬಹುದು, ಆದರೆ ಹಾಳೆಯ ಒಳಗೇ ಇಳಿದ ಹಳದಿಗೂ ಬಿರುಕಿಗೂ ಪಾಲಿಶ್ ಮದ್ದಲ್ಲ.

ಬಿರುಕು ಅಡ್ಡಲಾಗಿ ನಡುವೆಯೇ ಬಿದ್ದಿದೆ ಎಂಬ ನಿಮ್ಮ ಒಂದು ಮಾತು ಬಹಳಷ್ಟನ್ನು ಹೇಳುತ್ತದೆ. ಈ ಕಾರಿನ ಕಿಟಕಿಗೆ ಸುತ್ತ ಜಿಪ್ ಇರುತ್ತದೆ. ಟಾಪ್ ಇಳಿಸುವ ಮುನ್ನ ಆ ಜಿಪ್ ಬಿಚ್ಚಿ ಕಿಟಕಿಯನ್ನು ಚಪ್ಪಟೆಯಾಗಿ ಮಲಗಿಸಬೇಕು. ಬಿಚ್ಚದೆ ಇಳಿಸಿದರೆ ಹಾಳೆ ಪ್ರತಿಸಲವೂ ಒಂದೇ ಗೆರೆಯಲ್ಲಿ ಮಡಚಿಕೊಳ್ಳುತ್ತದೆ, ಚಳಿಯಲ್ಲಿ ಒಂದು ದಿನ ಅದೇ ಗೆರೆಯಲ್ಲಿ ಸೀಳುತ್ತದೆ. ನಿಮ್ಮ ಕಾರಿಗೆ ಅವಸರದ ಹಳೆಯ ಯಜಮಾನರೊಬ್ಬರು ಇದ್ದಿರಬೇಕು.

ಇನ್ನು ಬಟ್ಟೆಯ ಪರೀಕ್ಷೆ. ಕತ್ತಲಾದ ಮೇಲೆ ಟಾಪ್ ಮುಚ್ಚಿ, ಕಾರಿನ ಒಳಗೆ ಒಂದು ಪ್ರಖರವಾದ ದೀಪ ಹಚ್ಚಿಟ್ಟು ಹೊರಗೆ ನಿಂತು ನೋಡಿ. ಮಡಿಕೆಗಳ ಸಾಲಿನಲ್ಲಿ ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು ಕಂಡರೆ ಬಟ್ಟೆ ಸವೆದಿದೆ ಎಂದು ಅರ್ಥ. ಆಮೇಲೆ ಹೊರಗಿನ ಹೊಲಿಗೆಯ ದಾರವನ್ನು ಉಗುರಿನಿಂದ ಮೆಲ್ಲಗೆ ಕೆದಕಿ. ಜೀವವಿರುವ ದಾರ ಉಗುರಿಗೆ ಎದುರು ನಿಲ್ಲುತ್ತದೆ. ಬಿಸಿಲಿಗೆ ಸತ್ತ ದಾರ ನಾರುನಾರಾಗಿ ಪುಡಿ ಉದುರುತ್ತದೆ. ಕೊನೆಗೆ ಟಾಪನ್ನು ಮುಂಗಾಜಿನ ಚೌಕಟ್ಟಿಗೆ ಬಿಗಿಯುವ ಮುಂದಿನ ಕೊಂಡಿಗಳನ್ನು ಹಾಕಿ ನೋಡಿ. ಒಬ್ಬರು ಜೋತುಬಿದ್ದು ಎಳೆದರೆ ಮಾತ್ರ ಕೊಂಡಿ ಸಿಗುವ ಸ್ಥಿತಿಯಿದ್ದರೆ ಬಟ್ಟೆ ಕುಗ್ಗಿದೆ. ಈ ಮೂರರಲ್ಲಿ ಎರಡು ಕೆಟ್ಟಿದ್ದರೆ ಇಡೀ ಟಾಪ್ ಬದಲಿಸಿ. ಸತ್ತ ಬಟ್ಟೆಗೆ ಹೊಸ ಕಿಟಕಿ ಹೊಲಿಸಿದರೆ ಅದೇ ಕೂಲಿಯನ್ನು ಸ್ವಲ್ಪ ದಿನಗಳಲ್ಲೇ ಮತ್ತೊಮ್ಮೆ ಕೊಡಬೇಕಾಗುತ್ತದೆ. ಮೂರೂ ಚೆನ್ನಾಗಿದ್ದರೆ ಕಿಟಕಿಯ ಭಾಗ ಮಾತ್ರ ಸಾಕು. ನಿಮ್ಮ ಕಾರಿನಲ್ಲಿ ಅದು ಟಾಪಿನ ಮುಂದಿನ ಭಾಗದಿಂದ ಬೇರೆಯಾಗಿ ಬರುತ್ತದೆ, ಅದರ ಕೆಳಗಿನ ಅಂಚು ಸೀಟಿನ ಹಿಂದೆ ಕಾರ್ಪೆಟ್ಟಿನ ಅಡಿಯಲ್ಲಿ ಲೋಹದ ಪಟ್ಟಿಗಳಿಂದ, ಸಾಲು ನಟ್ಟುಗಳಿಂದ ಬಿಗಿಯಲ್ಪಟ್ಟಿರುತ್ತದೆ.

ಆ ನಟ್ಟುಗಳನ್ನು ಬಿಚ್ಚಿದಾಗ ಅಲ್ಲಿಯೇ ಇರುವ ಪ್ಲಾಸ್ಟಿಕ್ಕಿನ ದೋಣಿಯಂಥ ಪಟ್ಟಿಯನ್ನು ಮರೆಯದೆ ನೋಡಿ. ಟಾಪಿನ ಹಿಂದಿನ ಅಂಚಿನಲ್ಲಿ ಇಳಿಯುವ ಮಳೆನೀರನ್ನು ಹಿಡಿದು ಎರಡು ಬದಿಯ ಕೊಳವೆಗಳಿಗೆ ದಾಟಿಸುವುದು ಅದರ ಕೆಲಸ. ಅದು ಸೀಳಿದ್ದರೆ, ಅಥವಾ ಮರುಜೋಡಿಸುವಾಗ ಬಟ್ಟೆಯ ಅಂಚು ಅದರ ಒಳಗೆ ಬೀಳದೆ ಹೊರಗೆ ಕೂತಿದ್ದರೆ, ಹೊಸ ಕಿಟಕಿ ಎಷ್ಟೇ ಚೆನ್ನಾಗಿದ್ದರೂ ಸೀಟಿನ ಹಿಂದೆ ನೀರು ನಿಲ್ಲುತ್ತದೆ, ಬೈಗುಳ ಮಾತ್ರ ಕಿಟಕಿ ಹಾಕಿದವರಿಗೆ ಸಿಗುತ್ತದೆ.

ಪ್ರಶ್ನೆ: ನಮ್ಮ ಕಾರಿಗೆ ಇರುವುದು ಗಾಜಿನ ಹಿಂಬದಿ ಕಿಟಕಿ. ಅದರ ಮೇಲಂಚಿನಲ್ಲಿ ಗಾಜೂ ಬಟ್ಟೆಯೂ ಗೇಣುದ್ದ ಬಿಟ್ಟುಕೊಂಡಿವೆ. ನಮ್ಮ ಯಜಮಾನರು ಅಂಗಡಿಯಲ್ಲಿ ಸಿಗುವ ಕ್ಷಣದಲ್ಲಿ ಹಿಡಿಯುವ ಅಂಟನ್ನು ಎರಡು ಸಲ ಹಚ್ಚಿದರು. ಎರಡು ಸಲವೂ ವಾರದೊಳಗೆ ಬಿಟ್ಟಿತು. ಗಾಜು ಒಡೆದಿಲ್ಲ. ಹೊಸ ಗಾಜು ಹಾಕಿಸಬೇಕೇ?

ಉತ್ತರ: ಗಾಜು ಬದಲಿಸುವ ಅಗತ್ಯ ಬಹುಶಃ ಬೀಳುವುದಿಲ್ಲ. ಆದರೆ ದಯವಿಟ್ಟು ಮೂರನೆಯ ಸಲ ಆ ಅಂಟನ್ನು ಹಚ್ಚಲು ಬಿಡಬೇಡಿ.

ಈ ಬಗೆಯ ಕಿಟಕಿಯಲ್ಲಿ ಹೊಲಿಗೆಯಿಲ್ಲ. ಗಾಜಿನ ಅಂಚಿನ ಕಪ್ಪು ಪಟ್ಟಿಯ ಮೇಲೆ ಬಟ್ಟೆಯನ್ನು ನೇರವಾಗಿ ಅಂಟಿಸಿರುತ್ತಾರೆ. ಆ ಕಪ್ಪು ಪಟ್ಟಿ ಕೇವಲ ಅಲಂಕಾರವಲ್ಲ, ಬಿಸಿಲು ಗಾಜಿನ ಮೂಲಕ ಹಾದು ಅಂಟನ್ನು ತಿನ್ನದಂತೆ ಕಾಯುವುದೂ ಅದರ ಕೆಲಸ. ಟಾಪ್ ಮುಚ್ಚಿದಾಗ ಬಟ್ಟೆ ತಮಟೆಯ ಚರ್ಮದಂತೆ ಬಿಗಿಯುತ್ತದೆ, ಆ ಎಳೆತವೆಲ್ಲ ಗಾಜಿನ ಮೇಲಂಚಿನಲ್ಲಿ ಬಂದು ಕೂರುತ್ತದೆ. ಕ್ಷಣದಲ್ಲಿ ಹಿಡಿಯುವ ಅಂಟು ಒಣಗಿದಾಗ ಗಾಜಿನಷ್ಟೇ ಗಡುಸು. ಬಾಗಬೇಕಾದ ಕಡೆ ಅದು ಬಾಗದೆ ಒಡೆಯುತ್ತದೆ, ಅಷ್ಟೇ ಅಲ್ಲದೆ ಬಟ್ಟೆಯ ನಾರಿನೊಳಗೆ ಇಂಗಿ ಅದನ್ನು ರಟ್ಟಿನಂತೆ ಸೆಟೆಯಿಸುತ್ತದೆ. ಸಿಲಿಕೋನ್ ಇದಕ್ಕಿಂತಲೂ ಕೆಟ್ಟದ್ದು, ಏಕೆಂದರೆ ಒಮ್ಮೆ ಸಿಲಿಕೋನ್ ಸವರಿದ ಜಾಗದಲ್ಲಿ ಉಳಿಯುವ ಜಿಡ್ಡಿನ ಮೇಲೆ ಮುಂದೆ ಒಳ್ಳೆಯ ಅಂಟೂ ನಿಲ್ಲುವುದಿಲ್ಲ.

ಅಂಟು ತೆಗೆದುಕೊಳ್ಳುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಟಾಪ್ ಪೂರ್ತಿ ಮುಚ್ಚಿರುವಾಗ ಒಬ್ಬರು ಒಳಗೆ ಕುಳಿತು ಗಾಜನ್ನು ಅಂಗೈಯಿಂದ ಅದರ ಸರಿಯಾದ ಜಾಗಕ್ಕೆ ಎತ್ತಿ ಹಿಡಿಯಲಿ. ಇನ್ನೊಬ್ಬರು ಹೊರಗೆ ನಿಂತು, ಬಟ್ಟೆಯ ಅಂಚು ತಾನಾಗಿಯೇ ಬಂದು ಕಪ್ಪು ಪಟ್ಟಿಯನ್ನು ಮುಚ್ಚುತ್ತದೆಯೇ ಎಂದು ನೋಡಲಿ. ಮುಚ್ಚಿದರೆ ಕೆಟ್ಟದ್ದು ಅಂಟು ಮಾತ್ರ. ಎಳೆದರೂ ಬೆರಳಗಲ ಜಾಗ ಉಳಿಯುತ್ತದೆಯೆಂದರೆ ಬಟ್ಟೆ ಕುಗ್ಗಿಹೋಗಿದೆ, ಆಗ ಲೋಕದ ಯಾವ ಅಂಟೂ ಆ ಎಳೆತವನ್ನು ತಡೆದುಕೊಳ್ಳಲಾರದು. ಮೂಗಿಗಿಂತ ಮೂಗುತಿ ಭಾರವಾದ ಸ್ಥಿತಿ ಅದು. ಗಾಜು ಸಮೇತ ಬರುವ ಹೊಸ ಟಾಪೇ ದಾರಿ.

ಮೊದಲನೆಯದೇ ಆಗಿದ್ದರೆ, ಕಾರಿನ ಮುಂಗಾಜನ್ನು ಕೂರಿಸಲು ಬಳಸುವ ಕಪ್ಪು ಪಾಲಿಯುರೆಥೇನ್ ಅಂಟು ಬೇಕು. ಅದು ಒಣಗಿದ ಮೇಲೂ ರಬ್ಬರಿನಂತೆ ಹಿಗ್ಗಿ ಕುಗ್ಗುತ್ತದೆ. ಯಜಮಾನರು ಹಚ್ಚಿದ ಅಂಟನ್ನೂ ಸಡಿಲವಾದ ಹಳೆಯ ಅಂಟನ್ನೂ ಕೆರೆದು ತೆಗೆಯಬೇಕು. ಗಾಜಿಗೆ ಇನ್ನೂ ಬಿಗಿಯಾಗಿ ಕಚ್ಚಿಕೊಂಡಿರುವ ಮೂಲ ಅಂಟಿನ ತೆಳು ಪದರವನ್ನು ಹಾಗೆಯೇ ಬಿಡಬಹುದು. ಬರಿಯ ಗಾಜು ಕಾಣುವ ಕಡೆ ಆ ಅಂಟಿಗೆ ಹೊಂದುವ ಪ್ರೈಮರ್ (ಅಂಟು ಚೆನ್ನಾಗಿ ಹಿಡಿಯಲೆಂದು ಮೊದಲು ಸವರುವ ದ್ರವ) ಹಚ್ಚಿ, ಅದರ ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಆರಲು ಬಿಡಿ. ಎಲ್ಲಕ್ಕಿಂತ ಮುಖ್ಯವಾದದ್ದು ಮುಂದಿನ ಕೊಂಡಿಗಳನ್ನು ಬಿಡಿಸಿ, ಟಾಪನ್ನು ಸ್ವಲ್ಪ ಮೇಲೆತ್ತಿ, ಬಟ್ಟೆ ಸಡಿಲಾಗಿರುವಾಗಲೇ ಅಂಟಿಸುವುದು. ಒಳಗಿನಿಂದ ಗಾಜಿಗೆ ಹಲಗೆಯೊಂದನ್ನು ಆನಿಸಿ, ಹೊರಗೆ ಅಂಚಿನ ಮೇಲೆ ಮರಳು ತುಂಬಿದ ಸಣ್ಣ ಚೀಲಗಳನ್ನು ಸಾಲಾಗಿ ಇಟ್ಟರೆ ಒತ್ತಡ ಸಮನಾಗಿ ಬೀಳುತ್ತದೆ. ಆದರೆ ಅಂಟೆಲ್ಲ ಹೊರಗೆ ಹಿಂಡಿಹೋಗುವಷ್ಟು ಭಾರ ಹೇರಬಾರದು. ಈ ಅಂಟು ಗಾಳಿಯ ತೇವವನ್ನು ಹೀರಿಕೊಂಡು ಗಟ್ಟಿಯಾಗುವಂಥದ್ದು, ಆದ್ದರಿಂದ ಒಣ ಚಳಿಯಲ್ಲಿ ನಿಧಾನ. ಕಡಿಮೆಯೆಂದರೂ ಒಂದು ಇಡೀ ಹಗಲು ರಾತ್ರಿ ಕೊಂಡಿ ಹಾಕದೆ ಬಿಡಿ, ಮುಂದಿನ ಕೆಲವು ದಿನ ಟಾಪ್ ಇಳಿಸಬೇಡಿ. ಕೈಗೆ ಗ್ಲೌಸ್ ಇರಲಿ, ಬಟ್ಟೆಯ ಮೇಲೆ ಮರೆಮಾಡುವ ಟೇಪು ಇರಲಿ. ಈ ಕಪ್ಪು ಒಮ್ಮೆ ಬಟ್ಟೆಗೆ ತಾಗಿದರೆ ಹೋಗುವುದಿಲ್ಲ.

ಗಾಜಿನ ಒಳಮೈಯಲ್ಲಿ ಮಂಜು ಕರಗಿಸುವ ಸಣ್ಣ ತಂತಿಗೆರೆಗಳು ಇದ್ದರೆ, ಎರಡು ಬದಿಯ ವಯರುಗಳನ್ನು ಕೆಲಸಕ್ಕೆ ಮೊದಲೇ ಕಳಚಿಡಿ. ಕೆರೆಯುವಾಗ ಬ್ಲೇಡು ಆ ಗೆರೆಗಳ ಮೇಲೆ ಒಂದು ಸಲ ಹರಿದರೂ ಆ ಸಾಲು ಕೆಲಸ ನಿಲ್ಲಿಸುತ್ತದೆ.

ಪ್ರಶ್ನೆ: ಪ್ಲಾಸ್ಟಿಕ್ ಕಿಟಕಿಯ ಜಾಗದಲ್ಲಿ ಗಾಜು ಹಾಕಿಸಬಹುದೇ?

ಉತ್ತರ: ಕಾರನ್ನು ಅವಲಂಬಿಸಿದೆ. ಗಾಜು ಮಡಚುವುದಿಲ್ಲವಾದ್ದರಿಂದ ಟಾಪ್ ಇಳಿದಾಗ ಅದು ಎಲ್ಲಿ ಹೋಗಿ ಮಲಗುತ್ತದೆ ಎಂಬುದೇ ಇಲ್ಲಿರುವ ಏಕೈಕ ಪ್ರಶ್ನೆ. ಎಂಎಕ್ಸ್-5 ಎರಡನೆಯ ತಲೆಮಾರಿನಲ್ಲಿ, 1998ರ ಹೊತ್ತಿಗೆ, ಗಾಜಿಗೆ ಬದಲಾಯಿತು. ಆ ಟಾಪ್ ಮೊದಲ ತಲೆಮಾರಿನ ಚೌಕಟ್ಟಿಗೂ ಹೊಂದುವುದರಿಂದ ಹಳೆಯ ಕಾರಿನವರು ಅನೇಕರು ಅದನ್ನೇ ಹಾಕಿಸಿಕೊಳ್ಳುತ್ತಾರೆ, ಜಿಪ್ ಬಿಚ್ಚುವ ಗೋಜೂ ತಪ್ಪುತ್ತದೆ. ಪೋರ್ಷೆ ಬಾಕ್ಸ್‌ಸ್ಟರ್‌ಗೆ 2003ರ ಮಾದರಿಯಿಂದ ಗಾಜು ಬಂದಿತು. ಅದಕ್ಕೂ ಹಿಂದಿನ ಬಾಕ್ಸ್‌ಸ್ಟರ್‌ಗೆ ಗಾಜಿನ ಟಾಪ್ ಮಾಡಿಕೊಡುವವರು ಇದ್ದಾರೆ, ಆದರೆ ಮಡಚುವ ಜಾಗಕ್ಕೆ ಹೊಂದಿಸಲು ಆ ಗಾಜು ಚಿಕ್ಕದಾಗಿರುತ್ತದೆ, ಹಿಂದಿನ ನೋಟ ಅಷ್ಟರ ಮಟ್ಟಿಗೆ ಕಿರಿದಾಗುತ್ತದೆ. ಗಾಜನ್ನು ತಂದು ಅಳತೆಗೆ ಕತ್ತರಿಸಿಕೊಳ್ಳುವ ಯೋಚನೆ ನಿಮ್ಮದಾಗಿದ್ದರೆ ಕೈಬಿಡಿ: ಇದು ಟಫನ್ಡ್ ಗಾಜು, ಅಂದರೆ ಕಾಯಿಸಿ ಗಟ್ಟಿಗೊಳಿಸಿದ್ದು, ಕತ್ತರಿಸಲು ಹೋದರೆ ಇಡಿಯಾಗಿ ಕಾಳುಕಾಳಾಗಿ ಉದುರುತ್ತದೆ.

ಪ್ರಶ್ನೆ: ನನಗೆ ಹೊಲಿಗೆ ಬರುತ್ತದೆ, ಮನೆಯಲ್ಲಿ ದಪ್ಪ ಬಟ್ಟೆ ಹೊಲಿಯುವ ಯಂತ್ರವೂ ಇದೆ. ಹಳೆಯ ಪ್ಲಾಸ್ಟಿಕ್ ಹಾಳೆಯನ್ನು ಬಿಚ್ಚಿ ಹೊಸದನ್ನು ನಾನೇ ಹೊಲಿಯಬಲ್ಲೆನೇ?

ಉತ್ತರ: ಖಂಡಿತ, ಆದರೆ ಬಟ್ಟೆ ಹೊಲಿದ ಅಭ್ಯಾಸದಲ್ಲಿ ಎರಡು ತಪ್ಪುಗಳು ತಾವಾಗಿಯೇ ಆಗುತ್ತವೆ. ನಾನು ಮೊದಲ ಸಲ ಹೊಲಿದಾಗ ಎರಡನ್ನೂ ಮಾಡಿದ್ದೆ. ಹಾಳೆಯನ್ನು ಜಾಗದಲ್ಲಿ ನಿಲ್ಲಿಸಲು ಗುಂಡುಸೂಜಿ ಚುಚ್ಚಿದ್ದೆ. ಬಟ್ಟೆಯಲ್ಲಿ ಚುಚ್ಚಿದ ತೂತು ಮುಚ್ಚಿಕೊಳ್ಳುತ್ತದೆ, ಪಿವಿಸಿಯಲ್ಲಿ ಮುಚ್ಚಿಕೊಳ್ಳುವುದಿಲ್ಲ, ಮೊದಲ ಮಳೆಗೆ ಪ್ರತಿ ತೂತಿನಲ್ಲೂ ಒಂದೊಂದು ಹನಿ ಜೋತುಬಿದ್ದು ಕುಳಿತಿತ್ತು. ಗುಂಡುಸೂಜಿಯ ಬದಲು ಎರಡೂ ಬದಿ ಅಂಟುವ ಕಿರಿದಾದ ಟೇಪು ಅಥವಾ ಕ್ಲಿಪ್ಪುಗಳನ್ನು ಬಳಸಿ. ಎರಡನೆಯದು, ಗಟ್ಟಿಯಾಗಿರಲಿ ಎಂದು ಒತ್ತೊತ್ತಾಗಿ ಹಾಕಿದ ಹೊಲಿಗೆ. ಹತ್ತಿರ ಹತ್ತಿರ ಬಿದ್ದ ತೂತುಗಳು ಅಂಚೆಚೀಟಿಯ ಅಂಚಿನಂತೆ ಸಾಲುಗಟ್ಟಿ, ಹಾಳೆ ಆ ಸಾಲಿನಲ್ಲೇ ಹರಿಯುತ್ತದೆ. ಒಂದು ಹೊಲಿಗೆಗೂ ಇನ್ನೊಂದಕ್ಕೂ ನಾಲ್ಕೈದು ಮಿಲಿಮೀಟರ್ ಅಂತರವಿರಲಿ.

ಹಳೆಯ ಕಿಟಕಿಯನ್ನು ಬಿಚ್ಚುವ ಮುನ್ನವೇ ಅದರ ನಡುಗೆರೆಯನ್ನು ಬಟ್ಟೆಯ ಮೇಲೂ ಹಾಳೆಯ ಮೇಲೂ ಸೀಮೆಸುಣ್ಣದಲ್ಲಿ ಗುರುತಿಸಿಕೊಳ್ಳಿ. ಬಿಚ್ಚಿದ ಹಾಳೆಯೇ ನಿಮ್ಮ ಮಾದರಿ, ಆದರೆ ಅದು ಕುಗ್ಗಿರುವ ಸಾಧ್ಯತೆ ಇರುವುದರಿಂದ ಹೊಸದನ್ನು ಕತ್ತರಿಸುವಾಗ ಸುತ್ತಲೂ ಸ್ವಲ್ಪ ಹೆಚ್ಚು ಬಿಟ್ಟು, ಹೊಲಿದ ಮೇಲೆ ಉಳಿದದ್ದನ್ನು ಕತ್ತರಿಸಿ ತೆಗೆಯಿರಿ. ಹೊಸ ಹಾಳೆ ಸುರುಳಿಯಾಗಿ ಬರುತ್ತದೆ; ಬೆಚ್ಚಗಿನ ಜಾಗದಲ್ಲಿ ಚಪ್ಪಟೆಯಾಗಿ ಹಾಸಿ, ಸುರುಳಿಯ ನೆನಪು ಹೋಗುವವರೆಗೆ ಬಿಡಬೇಕು. ದಪ್ಪ ಮುಕ್ಕಾಲು ಮಿಲಿಮೀಟರಿನಿಂದ ಒಂದು ಮಿಲಿಮೀಟರ್ ಇದ್ದರೆ ನೋಟವೂ ಚೆನ್ನ, ಮಡಚಲೂ ಬರುತ್ತದೆ. ಯಂತ್ರದ ಪಾದ ಹಾಳೆಗೆ ಅಂಟಿಕೊಂಡು ಮುಂದೆ ಸಾಗದಿದ್ದರೆ ಟೆಫ್ಲಾನ್ ಪಾದ ಹಾಕಿ. ದಾರದಲ್ಲಿ ಮಾತ್ರ ಜಿಪುಣತನ ಬೇಡ. ಹತ್ತಿಯ ದಾರ ಕೊಳೆಯುತ್ತದೆ, ಪಾಲಿಯೆಸ್ಟರ್ ವರ್ಷಗಟ್ಟಲೆ ಬಾಳಿ ಕೊನೆಗೆ ಬಿಸಿಲಿಗೆ ಸೋಲುತ್ತದೆ. ಪಿಟಿಎಫ್‌ಇ (ಅಂದರೆ ಟೆಫ್ಲಾನ್) ದಾರಕ್ಕೆ ಬಿಸಿಲಿನ ಭಯವಿಲ್ಲ, ಅದು ದುಬಾರಿ ಎಂಬುದೊಂದೇ ಅದರ ದೋಷ. ಟಾಪ್ ಗಟ್ಟಿಯಾಗಿದ್ದು ಅದನ್ನು ಇನ್ನೂ ಬಹಳ ಕಾಲ ಬಳಸುವ ಉದ್ದೇಶವಿದ್ದರೆ ನಾನು ಅದನ್ನೇ ಆರಿಸುತ್ತೇನೆ. ಸಾಧ್ಯವಾದಷ್ಟೂ ಬಟ್ಟೆಯ ಹಳೆಯ ತೂತುಗಳಲ್ಲೇ ಸೂಜಿ ಇಳಿಯಲಿ. ಪಕ್ಕದಲ್ಲಿ ಹೊಸ ಸಾಲು ಎಳೆದರೆ ಬಟ್ಟೆಗೆ ಎರಡು ಸಾಲು ತೂತಾಗುತ್ತದೆ.

ನಿಮ್ಮ ಕಿಟಕಿಯ ಸುತ್ತ ದಾರವೇ ಕಾಣದೆ, ಹಾಳೆಯೂ ವಿನೈಲ್ ಟಾಪೂ ಕರಗಿ ಒಂದಾದಂತೆ ಕಂಡರೆ, ಅದು ಶಾಖದಿಂದ ಬೆಸೆದದ್ದು. ಬಿಚ್ಚಲು ಅಲ್ಲಿ ಹೊಲಿಗೆಯೇ ಇರುವುದಿಲ್ಲ. ಕತ್ತರಿಸಿ ಹೊಲಿಯಲು ಹೊರಟರೆ ಅಂಚಿಗೆ ಬಟ್ಟೆ ಸಾಲದೆ ಹೋಗಬಹುದು. ಹಾಗಿದ್ದರೆ ಕೆಲಸವನ್ನು ಟಾಪ್ ಹೊಲಿಯುವವರಿಗೇ ಒಪ್ಪಿಸಿ.

ಪ್ರಶ್ನೆ: ಹೊಸ ಪ್ಲಾಸ್ಟಿಕ್ ಕಿಟಕಿ ಹಾಕಿಸಿ ತಿಂಗಳೂ ಆಗಿಲ್ಲ, ಆಗಲೇ ತುಂಬ ಸಣ್ಣ ಗೀರುಗಳು ಕಾಣುತ್ತಿವೆ. ಹಾಳೆ ಕಳಪೆಯೇ?

ಉತ್ತರ: ಒಣಬಟ್ಟೆಯಿಂದ ಧೂಳು ಒರೆಸುತ್ತಿದ್ದೀರಿ ಎಂದು ಕಾಣುತ್ತದೆ. ಮೊದಲು ನೀರು ಸುರಿದು ಧೂಳನ್ನು ಇಳಿಸಿ, ಆಮೇಲೆ ಸಾಬೂನು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಮೆತ್ತನೆಯ ಹತ್ತಿಬಟ್ಟೆ ಅದ್ದಿ, ಒತ್ತದೆ ಒರೆಸಿ. ಮನೆಯ ಕಿಟಕಿಗೆ ಬಳಸುವ ಅಮೋನಿಯಾ ಬೆರೆತ ದ್ರಾವಣವನ್ನು ಹತ್ತಿರ ತರಬೇಡಿ, ಅದು ಪಿವಿಸಿಯನ್ನು ಮಬ್ಬಾಗಿಸುತ್ತದೆ. ಟಾಪ್ ಇಳಿಸುವಾಗ ಕಿಟಕಿ ಮಡಚುವ ಜಾಗದಲ್ಲಿ ಸುತ್ತಿದ ಟವೆಲ್ ಒಂದನ್ನು ಇಟ್ಟರೆ ಮಡಿಕೆ ಚೂಪಾಗಿ ಬೀಳುವುದಿಲ್ಲ. ಟವೆಲ್ಲಿನಲ್ಲಿ ಮರಳು ಇಲ್ಲದಂತೆ ಮೊದಲು ಕೊಡವಿಕೊಳ್ಳಿ. ಟಾಪ್ ಒದ್ದೆಯಾಗಿರುವಾಗಲಂತೂ ಇಳಿಸಲೇಬೇಡಿ, ಮಡಿಕೆಯೊಳಗೆ ಸಿಕ್ಕ ನೀರಿಗೆ ಬಟ್ಟೆಯಲ್ಲಿ ಬೂಷ್ಟು ಕಟ್ಟುತ್ತದೆ.