ಗಣಿತದಲ್ಲಿ ಪ್ರೂಫ್ (ಒಂದು ಮಾತು ಯಾವಾಗಲೂ ನಿಜ ಯಾಕೆ ಅಂತ ತೋರಿಸುವ ವಾದ) ಓದಿದರೆ ಅರ್ಥವಾಗುತ್ತೆ, ನಾನೇ ಬರೆಯಲು ಕೂತರೆ ಕೈ ಓಡಲ್ಲ. ಜೊತೆಯವರೊಂದಿಗೆ ಚರ್ಚೆ ಮಾಡಿದರೆ ಉಪಯೋಗ ಇದೆಯಾ?

ಖಂಡಿತ ಇದೆ. ಡಿಗ್ರಿ ಓದುವಾಗ ನನಗೂ ಇದೇ ಕಷ್ಟ ಇತ್ತು. ನಾಲ್ಕು ಜನ ಗೆಳೆಯರು ಭಾನುವಾರ ಬೆಳಿಗ್ಗೆ ಲಾಲ್‌ಬಾಗ್ ಬಂಡೆ ಮೇಲೆ ಕೂತು ಲೆಕ್ಕ ಬಿಡಿಸಲು ಶುರು ಮಾಡಿದ ಮೇಲೆ ಕೈ ಓಡತೊಡಗಿತು.

ಒಂದು ಭಾನುವಾರದ್ದು ಹೇಳುತ್ತೇನೆ. ಬಸವನಗುಡಿಯಿಂದ ನಡೆದು ಬರುವಾಗ ಒಂದು ಮನೆ ಮುಂದೆ ಸಂದು ಚುಕ್ಕಿ ರಂಗೋಲಿ ಕಂಡೆ, 7ರಿಂದ 1. ನಡುವೆ 7 ಚುಕ್ಕಿ, ಮೇಲಕ್ಕೂ ಕೆಳಕ್ಕೂ 6, 5, 4 ಅಂತ ಇಳಿದು ತುದಿಯಲ್ಲಿ 1. ಒಟ್ಟು 49, ಅಂದರೆ 7ರ ವರ್ಗ. 5ರಿಂದ 1 ಹಾಕಿದರೆ 25. ನಾನು 20ರ ತನಕ ಕೂಡಿ ನೋಡಿ, "ಯಾವಾಗಲೂ ವರ್ಗವೇ ಬರುತ್ತೆ" ಎಂದೆ. ಗೆಳತಿ ಕೇಳಿದಳು: "21ಕ್ಕೂ ಬರುತ್ತೆ ಅಂತ ಹೇಗೆ ಹೇಳ್ತೀಯ?"

ಕೇಳಲೇಬೇಕಾದ ಪ್ರಶ್ನೆ ಅದು. ಎಷ್ಟೋ ಸಲ ಸರಿಬಂದದ್ದು ಮುಂದೆ ತಪ್ಪಬಹುದು. ಒಂದು ಸಂಖ್ಯೆಯ ವರ್ಗಕ್ಕೆ ಅದೇ ಸಂಖ್ಯೆಯನ್ನೂ 41ನ್ನೂ ಕೂಡಿಸಿ. 0ಯಿಂದ 39ರ ತನಕ ಯಾವುದನ್ನು ಹಾಕಿದರೂ ಅವಿಭಾಜ್ಯ ಸಂಖ್ಯೆಯೇ ಸಿಗುತ್ತೆ. ಸತತ 40 ಸಲ! ಆದರೆ 40 ಹಾಕಿದರೆ 1681. ಅದು 41 × 41, ಅವಿಭಾಜ್ಯ ಅಲ್ಲ.

ಹಾಗಾಗಿ ರಂಗೋಲಿಯ ಲೆಕ್ಕವನ್ನು ಅಲ್ಲೇ ಕೂತು ಬರೆದೆ. 1ರಿಂದ 7ರ ತನಕ ಕೂಡಿದರೆ 7 × 8 ರ ಅರ್ಧ. ಅಂಥದ್ದು ಎರಡು, ಅಂದರೆ 56. ನಡುವಿನ ಸಾಲು ಎರಡು ಸಲ ಬಂತು, ಒಂದು 7 ಕಳೆದರೆ 49. 7ರ ಜಾಗದಲ್ಲಿ ಯಾವ ಸಂಖ್ಯೆ ಇಟ್ಟರೂ ಇದೇ ಲೆಕ್ಕ ನಡೆಯುತ್ತೆ. ನಾನೇ ಬರೆದ ಮೊದಲ ಪ್ರೂಫ್ ಅದು. ಆಮೇಲೆ ಇನ್ನೊಬ್ಬ ಸುಮ್ನೆ ನೋಟ್‌ಬುಕ್ ಓರೆ ಮಾಡಿ ಹಿಡಿದ. ಮೇಲ್ತುದಿಯ ಚುಕ್ಕಿಯಿಂದ ಓರೆಯಾಗಿ ಎಣಿಸಿದರೆ 7 ಚುಕ್ಕಿ, ಅಂಥ ಸಾಲು 7. ಕೂಡುವುದೇ ಬೇಕಿಲ್ಲ! ಅವತ್ತಿನ ಖುಷಿ ಈಗಲೂ ನೆನಪಿದೆ.

ಹಾಗಂತ ಪ್ರಶ್ನೆ ಸಿಕ್ಕ ತಕ್ಷಣ ಚರ್ಚೆಗೆ ಹೋಗಬೇಡಿ. ಮೊದಲು ಎರಡು ಮೂರು ದಿನ ಒಬ್ಬರೇ ಒದ್ದಾಡಿ. ಆಮೇಲೆ ಅರ್ಧಂಬರ್ಧ ಇದ್ದದ್ದನ್ನೇ ಜೋರಾಗಿ ಹೇಳಿ. "ಇದು ಗೊತ್ತೇ ಇದೆಯಲ್ಲ" ಎಂದು ನೀವು ದಾಟಿಸುವ ಕಡೆಯೇ ಜಾಸ್ತಿ ಸಲ ತೂತು ಇರುತ್ತೆ. ಕೇಳುವವರು ಅಲ್ಲಿ ತಡೆದು "ಯಾಕೆ?" ಅನ್ನಬೇಕು, ಉತ್ತರ ಹೇಳಬಾರದು. ಉತ್ತರ ಹೇಳಿಬಿಡುವವರ ಜೊತೆ ಕೂತರೆ ಟ್ಯೂಷನ್ ಆಗುತ್ತೆ ಅಷ್ಟೇ. ಮನೆಗೆ ಹೋಗಿ ಏನೂ ನೋಡದೆ ಪೂರ್ತಿ ಬರೆಯಿರಿ. ನಾಲ್ಕು ಜನಕ್ಕಿಂತ ಜಾಸ್ತಿ ಬೇಡ.

ಮೊದಲ ಭಾನುವಾರಕ್ಕೆ ಇದನ್ನು ಒಯ್ಯಿರಿ. ಸಂದು ಚುಕ್ಕಿ 3ರಿಂದ 2 ಇಟ್ಟರೆ 7 ಚುಕ್ಕಿ, 5ರಿಂದ 3 ಇಟ್ಟರೆ 19, 7ರಿಂದ 4 ಇಟ್ಟರೆ 37. ಒಂಟಿ ಚುಕ್ಕಿಯಿಂದ ಶುರು ಮಾಡಿ ಈ ಎಣಿಕೆಗಳನ್ನು ಒಂದೊಂದಾಗಿ ಕೂಡುತ್ತಾ ಹೋಗಿ: 1, 8, 27, 64. ಎಲ್ಲವೂ ಘನಗಳು. ಯಾಕೆ?